ನನ್ನ ಹೆಂಡತಿಯ ಹತ್ತಿರ ಇದ್ದವರ ಹೆಸರು

ಮಾನ್ಯರೇ,

ಏಳು ತಿಂಗಳು ನಿಮ್ಮ ಕಚೇರಿಗೆ ನಿಜ ಹೇಳಿದೆ, ನೀವು ಒಪ್ಪಲಿಲ್ಲ. ಒಂದು ದಿನ ಸುಳ್ಳು ಬರೆದುಕೊಟ್ಟೆ. ನಾಲ್ಕನೆಯ ದಿನಕ್ಕೆ ನಿಮ್ಮ ಸಹಿ, ಮೊಹರು ಎಲ್ಲ ಬಿದ್ದು ಕಾಗದ ನನ್ನ ಕೈಗೆ ಬಂತು. ಆ ಕಾಗದವನ್ನು ಈ ಪತ್ರದ ಜೊತೆ ಹಿಂದಿರುಗಿಸುತ್ತಿದ್ದೇನೆ. ನಿಮಗೊಬ್ಬರಿಗೇ ಬರೆದರೆ ಇನ್ನೊಂದು ಹಿಂಬರಹ ಬರುತ್ತದೆಂದು ಗೊತ್ತಿರುವುದರಿಂದ ಪತ್ರಿಕೆಗೂ ಕೊಟ್ಟಿದ್ದೇನೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ನಾಲ್ಕರಲ್ಲಿ ನಿಮ್ಮ ಕಂದಾಯ ಕಚೇರಿ ಯಾವ ಊರಿನದು ಎಂದು ಬರೆಯುವುದಿಲ್ಲ. ಬರೆದರೆ ಉಳಿದ ಮೂರು ಊರಿನ ಅಧಿಕಾರಿಗಳು ನಿಶ್ಚಿಂತರಾಗಿಬಿಡುತ್ತಾರೆ. ನಾನು ಮೂವತ್ತು ವರ್ಷ ಸ್ಟೇಷನರಿ ಅಂಗಡಿ ಇಟ್ಟವನು. ನಿಮ್ಮ ಇಲಾಖೆಯ ಅರ್ಜಿ ನಮೂನೆಗಳನ್ನು ಕಟ್ಟುಗಟ್ಟಲೆ ಮಾರಿದ್ದೇನೆ. ಅವನ್ನು ಯಾರಾದರೂ ಓದುತ್ತಾರೆಯೇ ಎಂದು ಆಗ ಯೋಚಿಸಿರಲಿಲ್ಲ.

ನಾನು ಕೇಳಿದ್ದು ದೊಡ್ಡದೇನಲ್ಲ. ನನ್ನ ಹೆಂಡತಿ ಶೇವಂತಿಯ ಹೆಸರಿನಲ್ಲಿ, ಅವಳ ತವರೂರಿನ ಶಾಲೆಗೆ ಹತ್ತಿಕೊಂಡು ಹತ್ತು ಗುಂಟೆ ಜಾಗವಿದೆ. ಆ ಶಾಲೆಗೆ ಅಂಗಳವಿಲ್ಲ. ಮಕ್ಕಳು ಆಡುವುದು ರಸ್ತೆಯಲ್ಲಿ, ಕಬ್ಬಿನ ಟ್ರ್ಯಾಕ್ಟರುಗಳ ನಡುವೆ. ಜಾಗವನ್ನು ಶಾಲೆಗೆ ಬಿಟ್ಟುಕೊಡಬೇಕೆಂದು ಅವಳು ನಿರ್ಧರಿಸಿದ್ದಳು. ಪ್ರವಾಸ ಮುಗಿಸಿ ಬಂದು ನೋಂದಣಿ ಮಾಡಿಸುವವಳಿದ್ದಳು. ಅವಳು ಬರಲಿಲ್ಲ. ಈಗ ಆ ಕೆಲಸ ನಾನು ಮಾಡಬೇಕಾದರೆ, ಅವಳು ತೀರಿಕೊಂಡಿದ್ದಾಳೆ, ನಾನು ಅವಳ ವಾರಸುದಾರ ಎಂದು ನೀವು ಒಂದು ಪ್ರಮಾಣಪತ್ರ ಕೊಡಬೇಕು. ಅಷ್ಟೇ.

ಶೇವಂತಿ ಮೂವತ್ತೊಂದು ವರ್ಷ ಕನ್ನಡ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿದವಳು. ಹಳೆಯ ನಾಗರಿಕತೆಗಳ ಪಾಠದಲ್ಲಿ, ಪೆರು ದೇಶದ ಬೆಟ್ಟದ ಮೇಲಿರುವ ಇಂಕಾ ಜನರ ಪಾಳು ಪಟ್ಟಣದ ಸಣ್ಣ ಚಿತ್ರವೊಂದನ್ನು ವರ್ಷವರ್ಷವೂ ಮಕ್ಕಳಿಗೆ ತೋರಿಸುತ್ತಿದ್ದಳು. ಮಕ್ಕಳು ವರ್ಷವರ್ಷವೂ ಒಂದೇ ಪ್ರಶ್ನೆ ಕೇಳುತ್ತಿದ್ದರು. "ಅಕ್ಕೋರ, ನೀವು ನೋಡೀರೇನ್ರಿ?" ನಿವೃತ್ತಳಾದ ದಿನ ಮನೆಗೆ ಬಂದು ಹಾರ ತೆಗೆದಿಟ್ಟು ನನಗೆ ಹೇಳಿದಳು: "ಇನ್ನ ನೋಡಿ ಬರೂಣ್ರಿ."

ಅಲ್ಲಿಗೆ ರೈಲಿನಲ್ಲೂ ಹೋಗಬಹುದು. ಅವಳಿಗೆ ನಡೆದೇ ಹೋಗಬೇಕಿತ್ತು. ಮಾರ್ಗದರ್ಶಕನ ಜೊತೆ ನಾಲ್ಕು ದಿನದ ಬೆಟ್ಟದ ದಾರಿ. ಅದರ ಅಭ್ಯಾಸಕ್ಕೆಂದು ಒಂದು ವರ್ಷ ನಸುಕಿನಲ್ಲಿ ಹಿಪ್ಪರಗಿ ಬ್ಯಾರೇಜಿನವರೆಗೆ ಬೈಕಿನಲ್ಲಿ ಹೋಗಿ, ಅಲ್ಲಿಂದ ಬೆನ್ನಿಗೆ ಐದು ಕಿಲೋ ಜೋಳದ ಚೀಲ ಕಟ್ಟಿಕೊಂಡು ನಡೆದೆವು. ಟ್ರ್ಯಾಕ್ಟರ್ ಓಡಿಸುವ ಗೂಳಪ್ಪ ಒಮ್ಮೆ ಗಾಡಿ ನಿಲ್ಲಿಸಿದ.

"ಯಾಕ್ರಿ ಅಕ್ಕೋರ, ಜ್ವಾಳಾ ಹೊತ್ಕೊಂಡು ಎಲ್ಲಿಗಿ ಹೊಂಟ್ರಿ?"

"ಪೆರುಕ್ಕ ಹೊಂಟೇನಪಾ."

"ಪೇರು ಹಣ್ಣಿಗಿ ಅಷ್ಟ್ಯಾಕ ಕಷ್ಟಾ ಪಡ್ತೀರಿ? ನಮ್ಮ ತ್ವಾಟದಾಗ ಅದಾವು, ಬರ್ರಿ."

ಅವಳು ರಸ್ತೆಯ ಬದಿಗೆ ಕುಳಿತು ನಕ್ಕಳು.

ಪೆರುವಿನ ಬೆಟ್ಟದ ದಾರಿಯಲ್ಲಿ ಮೊದಲ ದಿನ ಚೆನ್ನಾಗಿತ್ತು. ನಾವು ಜೈನರು. ಶೇವಂತಿ ಗಡ್ಡೆ ತಿನ್ನುತ್ತಿರಲಿಲ್ಲ, ಹೊತ್ತು ಮುಳುಗಿದ ಮೇಲೆ ಉಣ್ಣುತ್ತಿರಲಿಲ್ಲ. ಬಟಾಟೆಯೇ ಊಟವಾಗಿರುವ ನಾಡಿನಲ್ಲಿ ಅದು ಸಣ್ಣ ತೊಡಕಲ್ಲ. ನಮ್ಮ ಸಾಮಾನು ಹೊರಲು ಬಂದಿದ್ದ ಸತುರ್ನಿನಾ ಎಂಬ ಹೆಂಗಸು ಇದನ್ನು ಯಾರೂ ಎರಡು ಸಲ ಹೇಳದೆ ತಿಳಿದುಕೊಂಡಳು. ಹೊತ್ತು ಇಳಿಯುವ ಮೊದಲೇ ಹುರಿದ ಮೆಕ್ಕೆಜೋಳ ತಂದು ಶೇವಂತಿಯ ಮಡಿಲಿಗೆ ಸುರಿದಳು. ಸತುರ್ನಿನಾಳಿಗೆ ಅವಳ ಬೆಟ್ಟದ ಭಾಷೆ ಬಿಟ್ಟು ಬೇರೆ ಬರುತ್ತಿರಲಿಲ್ಲ. ನನ್ನ ಹೆಂಡತಿ ಅವಳೊಡನೆ ನಿರಾತಂಕವಾಗಿ ಕನ್ನಡದಲ್ಲಿ ಮಾತಾಡುತ್ತಿದ್ದಳು.

ಎರಡನೆಯ ದಿನ ಏರುದಾರಿಯಲ್ಲಿ ಶೇವಂತಿಗೆ ತಲೆ ಸಿಡಿಯತೊಡಗಿತು, ವಾಂತಿಯಾಯಿತು, ಉಸಿರು ಸಾಲದಾಯಿತು. ನಮ್ಮ ಮಾರ್ಗದರ್ಶಕ ವಿಲ್ಬರ್ ಅವಳ ಬೆರಳಿಗೆ ಸಣ್ಣ ಯಂತ್ರವೊಂದನ್ನು ಸಿಕ್ಕಿಸಿ ನೋಡಿ, ಇವರು ಮುಂದೆ ಬರುವಂತಿಲ್ಲ, ಸತುರ್ನಿನಾಳ ಜೊತೆ ಈಗಲೇ ಕೆಳಗಿಳಿಯಲಿ, ಇಳಿದರೆ ಸರಿಹೋಗುತ್ತದೆ ಎಂದ. ನಾನೂ ಬರುತ್ತೇನೆ ಎಂದೆ.

"ಹಟಾ ಮಾಡಬ್ಯಾಡ್ರಿ," ಅಂದಳು ಶೇವಂತಿ. "ಇಬ್ರೂ ಹೊಳ್ಳಿ ಹೋದ್ರ ಸಾಲಿ ಹುಡುಗೂರಿಗೆ ನಾ ಏನ ಹೇಳ್ಲಿ? ನೀವು ಹೋಗ್ರಿ. ಒಂದೂ ಬಿಡದಂಗ ನೋಡಿ ಬಂದು ನನಗ ಹೇಳ್ರಿ."

ಮಾನ್ಯರೇ, ಇಲ್ಲಿ ಒಂದು ಮಾತು ದಾಖಲಾಗಬೇಕು. ನಾನು ಮುಂದೆ ಹೋದದ್ದು ಅವಳು ಹೇಳಿದ್ದಕ್ಕೆ ಮಾತ್ರವಲ್ಲ. ನನಗೂ ನೋಡುವ ಆಸೆಯಿತ್ತು.

ಕೆಳಗಿನ ಹಳ್ಳಿಯಲ್ಲಿ ಆ ಸಂಜೆ ಅವಳು ಚೇತರಿಸಿಕೊಂಡಳಂತೆ. ಮರುದಿನ ಉಸಿರು ಮತ್ತೆ ಕಟ್ಟಿತು. ರೈಲು ನಿಲ್ಲುವ ಕಡೆಗೆ ಅವಳನ್ನು ಹೊತ್ತೊಯ್ಯಲು ನಾಲ್ವರನ್ನು ಕರೆತರಲು ಹಳ್ಳಿಯವರು ಹೋಗಿದ್ದರು. ಅವರು ಬರುವಷ್ಟರಲ್ಲಿ, ಮಧ್ಯಾಹ್ನ ಎರಡು ಗಂಟೆಗೆ, ತೀರಿಕೊಂಡಳು. ಶ್ವಾಸಕೋಶದಲ್ಲಿ ನೀರು ತುಂಬಿತ್ತು ಎಂದು ವೈದ್ಯರ ಕಾಗದ ಹೇಳುತ್ತದೆ. ನನ್ನ ಫೋನಿನಲ್ಲಿ ಆ ದಿನ ಎರಡು ಗಂಟೆ ಹತ್ತು ನಿಮಿಷಕ್ಕೆ ತೆಗೆದ ಫೋಟೊ ಇದೆ. ಒಂದು ಗೋಡೆ. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ್ದಾರೆ. ಅವಳಿಗೆ ತೋರಿಸಲೆಂದು ಹತ್ತಿರ ಹೋಗಿ ತೆಗೆದದ್ದು.

ನಾಲ್ಕನೆಯ ದಿನ ಬೆಳಿಗ್ಗೆ ಬೆಟ್ಟದ ಮೇಲಿನ ಕಲ್ಲಿನ ಬಾಗಿಲು ತಲುಪಿದೆವು. ಮಂಜು ಸರಿದು ಪಟ್ಟಣ ಕಾಣಿಸಿತು. ಪುಸ್ತಕದ ಚಿತ್ರದಲ್ಲಿದ್ದ ಹಾಗೆಯೇ ಇತ್ತು. ಒಂದು ತಾಸು ತಿರುಗಾಡಿ ಎಲ್ಲ ನೋಡಿದೆ. ವಿಲ್ಬರ್ ದೂರ ನಿಂತಿದ್ದ. ಆಮೇಲೆ ಬಂದು ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿ ಹೇಳಿದ. ಹಿಂದಿನ ಸಂಜೆಯೇ ಅವನಿಗೆ ವೈರ್‌ಲೆಸ್ಸಿನಲ್ಲಿ ಸುದ್ದಿ ಬಂದಿತ್ತು. ಹಿಂದಕ್ಕೆ ನಡೆದರೆ ಎರಡು ದಿನ, ಮುಂದೆ ನಡೆದು ರೈಲು ಹಿಡಿದರೆ ಅರ್ಧ ದಿನ. ಈ ಸುದ್ದಿ ಹೊತ್ತ ಮನುಷ್ಯನನ್ನು ಆ ಕಡಿದಾದ ಮೆಟ್ಟಿಲುಗಳಲ್ಲಿ ಇಳಿಸಲು ತನಗೆ ಧೈರ್ಯವಾಗಲಿಲ್ಲ ಎಂದ. ಹಾಗಾದರೆ ಪಟ್ಟಣ ನೋಡಲು ಬಿಟ್ಟದ್ದೇಕೆ ಎಂದು ಕೇಳಿದೆ. "ಅವರು ನಿಮ್ಮನ್ನು ಕಳಿಸಿದ್ದು ಅದಕ್ಕೇ ಅಲ್ಲವೇ?" ಎಂದ. ಅವನ ಮೇಲೆ ಸಿಟ್ಟಾಗಬೇಕೋ ಬೇಡವೋ ಎಂದು ಇಂದಿಗೂ ತಿಳಿದಿಲ್ಲ. ಆ ದಿನದಿಂದ ಸಿಟ್ಟೇ ಬಂದಿಲ್ಲ, ಅಳುವೂ ಬಂದಿಲ್ಲ. ಬಂದಿದ್ದರೆ ಈ ಪತ್ರ ಇನ್ನಷ್ಟು ಚೆನ್ನಾಗಿರುತ್ತಿತ್ತು.

ರೈಲು ಹಿಡಿದು ಇಳಿದುಹೋದಾಗ, ಶೇವಂತಿಯ ದೇಹ ಇರಿಸಿದ್ದ ಆಸ್ಪತ್ರೆಯ ಬಾಗಿಲಲ್ಲಿ ಸತುರ್ನಿನಾ ಕುಳಿತಿದ್ದಳು. ಅವಳ ಕೆಲಸ ಹಿಂದಿನ ದಿನವೇ ಮುಗಿದಿತ್ತು, ಮನೆಗೆ ಹೋಗಬಹುದಿತ್ತು. ಹೋಗಿರಲಿಲ್ಲ. ಎದ್ದು ನಿಂತು ನನ್ನ ಎರಡೂ ಕೈ ಹಿಡಿದು ವಿಲ್ಬರನಿಗೆ ಏನೋ ಹೇಳಿದಳು. ಅವನು ಇಂಗ್ಲಿಷಿನಲ್ಲಿ ತಿಳಿಸಿದ: "ಅಮ್ಮ ಕೊನೆಗೆ ಬಾಗಿಲ ಕಡೆ ನೋಡುತ್ತ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದರಂತೆ. ಗಂಡನಿಗೆ ತಲುಪಿಸಬೇಕೆಂದು ಇವಳು ಅದನ್ನು ಬಾಯಿಪಾಠ ಮಾಡಿಕೊಂಡಿದ್ದಾಳೆ."

ಸತುರ್ನಿನಾ ನನ್ನ ಮುಖ ನೋಡಿ, ಒಂದೊಂದು ಅಕ್ಷರವನ್ನೂ ಜೋಪಾನವಾಗಿ ಇಳಿಸಿದಳು.

"ಬಂದ್ರೇನ?"

ಅದರ ಅರ್ಥವೇನೆಂದು ವಿಲ್ಬರ್ ಕೇಳಿದ. ಯಾರೋ ಬಂದರೇ ಎಂದು ಕೇಳುವ ಮಾತು ಎಂದೆ. ಅವನು ಅದನ್ನು ಸತುರ್ನಿನಾಳಿಗೆ ಹೇಳಲಿಲ್ಲ.

ದಹನ ಅಲ್ಲಿಯೇ ಆಯಿತು. ನಮ್ಮ ರಾಯಭಾರ ಕಚೇರಿ ಮರಣ ಪ್ರಮಾಣಪತ್ರ ಕೊಟ್ಟಿತು. ಅದರ ಮೇಲೆ ಅಶೋಕ ಸ್ತಂಭದ ಮುದ್ರೆಯಿದೆ. ನಿಮ್ಮ ಕಚೇರಿಯ ಗೋಡೆಯ ಮೇಲೂ ಅದೇ ಇದೆ, ಆದರೆ ಎರಡಕ್ಕೂ ಪರಿಚಯವಿದ್ದಂತಿಲ್ಲ. ನಿಮ್ಮ ಮೊದಲ ಹಿಂಬರಹ, ಸ್ಥಳ ಪಂಚನಾಮೆ ಮಾಡಲು ಅನುವಾಗುವಂತೆ ಮೃತರು ತೀರಿಕೊಂಡ ಗ್ರಾಮ, ಹೋಬಳಿ, ತಾಲ್ಲೂಕು ನಮೂದಿಸಿ ಎಂದಿತು. ಐವರು ಪಂಚರನ್ನು ಆ ಬೆಟ್ಟಕ್ಕೆ ಕಳಿಸುವ ಉದಾರ ಯೋಜನೆ ಸರಕಾರಕ್ಕಿದೆಯೇ? ಇದ್ದರೆ ಬೆಚ್ಚನೆಯ ಬಟ್ಟೆ ಒಯ್ಯಲು ಹೇಳಿ. ಎರಡನೆಯ ಹಿಂಬರಹ, ಮರಣ ಸಮಯದಲ್ಲಿ ಹತ್ತಿರ ಇದ್ದವರ ಹೇಳಿಕೆ ಕೇಳಿತು. ಇದು ನನಗೆ ಸರಿಯೆನಿಸಿತು. ವಿಲ್ಬರನಿಗೆ ಬರೆದೆ. ಸತುರ್ನಿನಾ ಒಂದು ದಿನ ನಡೆದು ಪಟ್ಟಣಕ್ಕೆ ಬಂದು, ಅಧಿಕಾರಿಯ ಮುಂದೆ ಹೇಳಿಕೆ ಕೊಟ್ಟು ಹೆಬ್ಬೆಟ್ಟು ಒತ್ತಿದಳು. ಅನುವಾದ, ಅಲ್ಲಿಯ ಸರಕಾರದ ಮೊಹರು ಎಲ್ಲ ಸೇರಿಸಿ ಕೊಟ್ಟೆ. ನಿಮ್ಮ ಗುಮಾಸ್ತ ಕಾಶಪ್ಪ ಹಾಳೆ ತಿರುವಿ ನೋಡಿ ಬೇಸರದಿಂದಲೇ ಹೇಳಿದರು.

"ಇವ್ರದು ಆಧಾರ್ ನಂಬರ್ ಇಲ್ಲಲ್ರಿ."

"ಅವರು ಪೆರು ದೇಶದವರು."

"ಖರೆ ಐತಿ. ಆದ್ರ ಕಂಪ್ಯೂಟರ್ ಮುಂದಕ್ಕ ಹೋಗಾಕ ಬಿಡವಲ್ದು."

ಕಾಶಪ್ಪನವರು ಕೆಟ್ಟವರಲ್ಲ. ಪ್ರತಿ ಸಲವೂ ಕುರ್ಚಿ ಕೊಟ್ಟು ಚಹಾ ತರಿಸಿದರು. ಏಳನೆಯ ತಿಂಗಳು ಅವರೇ ದಾರಿ ತೋರಿಸಿದರು. "ಸಾಹುಕಾರ್ರ, ಹತ್ರ ನೀವ ಇದ್ರಿ ಅಂತ ಬರದ ಸಹಿ ಮಾಡ್ರಿ. ನಿಮ್ಮ ಆಧಾರ್ ಐತಿ. ಯಾರ ಕೇಳ್ತಾರ್ರಿ? ಗಂಡ ಹತ್ರ ಇರದ ಇನ್ಯಾರ ಇರ್ತಾರ?"

ನಾನು ಬರೆದೆ. "ಮರಣ ಕಾಲದಲ್ಲಿ ನಾನು ಪತ್ನಿಯ ಬಳಿಯಲ್ಲಿದ್ದು, ಕಣ್ಣಾರೆ ಕಂಡಿರುತ್ತೇನೆ." ಅಕ್ಷರ ಎಂದಿಗಿಂತ ದುಂಡಗೆ ಬಂದಿತ್ತು.

ನಾಲ್ಕು ದಿನಕ್ಕೆ ಬಂದ ಪ್ರಮಾಣಪತ್ರವನ್ನು ಶಾಲೆಗೆ ಒಯ್ದು ಮುಖ್ಯೋಪಾಧ್ಯಾಯಿನಿ ವೈಶಾಲಿಯವರಿಗೆ ತೋರಿಸಿದೆ. ಅವರು ಹತ್ತಿರ ಇದ್ದವರು ಎಂಬಲ್ಲಿ ನನ್ನ ಹೆಸರು ಓದಿ, ನನ್ನನ್ನು ಸಮಾಧಾನಪಡಿಸಲೆಂದು ಮೆಲ್ಲಗೆ ಹೇಳಿದರು.

"ಕಡೀಗಿ ನೀವರೆ ಹತ್ರ ಇದ್ರೆಲ್ರಿ ಸರ. ಅಕ್ಕೋರ ಪುಣ್ಯಾ ಮಾಡಿದ್ರು."

ನಾನು ಹೂಂ ಎನ್ನಲು ಹೋದೆ. ಅದರ ಬದಲು ಅಲ್ಲಿಯೇ, ಏಳನೆಯ ತರಗತಿಯ ಬಾಗಿಲಲ್ಲಿ ನಿಂತು, ಅವರಿಗೆ ಎಲ್ಲವನ್ನೂ ಹೇಳಿದೆ. ಅವರು ಕಾಗದವನ್ನು ಮತ್ತೊಮ್ಮೆ ಓದಿದರು.

"ಕಾಗದ ಬಂದೈತಿ, ಸಾಕಲ್ರಿ ಸರ. ಹುಡುಗೂರಿಗೆ ಜಾಗಾ ಸಿಗ್ತೈತಿ."

"ಸಿಗ್ತೈತ್ರಿ. ಆದ್ರ ಆಕಿ ಕೈ ಹಿಡದ ಕುಂತಾಕಿ ಯಾರೂ ಅಲ್ಲಾ ಅಂದಂಗ ಆಗ್ತೈತಿ. ನಾ ಇರಲಿಲ್ರಿ."

ವೈಶಾಲಿಯವರು ಕಾಗದ ಮಡಚಿ ನನಗೇ ಮರಳಿಸಿದರು. "ಹಂಗಾರ ಬರದ ಹಾಕ್ರಿ ಸರ. ಇಷ್ಟ ವರ್ಷ ರಸ್ತಾದಾಗ ಆಡ್ಯಾರ, ಇನ್ನ ನಾಕ ತಿಂಗಳ ನಾ ನಿಂತ ಕಾಯ್ತೀನಿ."

ಆದ್ದರಿಂದ ಮಾನ್ಯರೇ, ಈ ಪ್ರಮಾಣಪತ್ರವನ್ನು ರದ್ದು ಮಾಡಿ. ಸುಳ್ಳು ಹೇಳಿಕೆ ಕೊಟ್ಟದ್ದಕ್ಕೆ ಕಾನೂನಿನಲ್ಲಿ ಏನು ಶಿಕ್ಷೆಯಿದೆಯೋ ಅದನ್ನು ನನಗೆ ಕೊಡಿ, ತಕರಾರಿಲ್ಲ. ಕಾಶಪ್ಪನವರಿಗೆ ಬೇಡ, ನಿಮ್ಮ ಯಂತ್ರ ಬಿಡದ ಕೆಲಸವನ್ನು ಮನುಷ್ಯನಾಗಿ ಮುಗಿಸಲು ನೋಡಿದರು, ಅಷ್ಟೇ. ಹೊಸ ಪ್ರಮಾಣಪತ್ರದಲ್ಲಿ, ಮರಣ ಸಮಯದಲ್ಲಿ ಹತ್ತಿರ ಇದ್ದವರು ಎಂಬಲ್ಲಿ, ಸತುರ್ನಿನಾ, ಸಾಮಾನು ಹೊರುವವಳು, ಎಂದು ಬರೆಸಿ. ಸಂಬಂಧ ಎಂಬ ಜಾಗದಲ್ಲಿ ಏನು ಬರೆಯಬೇಕೆಂದು ನನಗೂ ಹೊಳೆಯುತ್ತಿಲ್ಲ, ನಿಮ್ಮ ಕಾನೂನು ಸಲಹೆಗಾರರನ್ನು ಕೇಳಿ ನೋಡಿ. ಸೋಮವಾರ ಹನ್ನೊಂದಕ್ಕೆ ಬಂದು ನಿಮ್ಮ ಕೊಠಡಿಯ ಮುಂದೆ ಕೂರುತ್ತೇನೆ, ಆಗುವವರೆಗೆ ದಿನಾಲೂ ಬರುತ್ತೇನೆ. ಆ ಹೊತ್ತಿನಲ್ಲಿ ಗಂಡ ಎಲ್ಲಿದ್ದ ಎಂದು ಕೇಳುವ ಕಾಲಂ ನಿಮ್ಮ ನಮೂನೆಯಲ್ಲಿ ಇಲ್ಲ. ಸೇರಿಸಿದರೆ ಅದನ್ನೂ ತುಂಬಿಕೊಡುತ್ತೇನೆ.

ಇಂತಿ,
ಸುಳ್ಳು ಬರೆದು ಗೆದ್ದು, ನಿಜಕ್ಕಾಗಿ ಮತ್ತೆ ಅರ್ಜಿ ಹಾಕುತ್ತಿರುವ
ಆದಿನಾಥ