ಉಪ್ಪಿನಕೇರಿಯ ದೋಣಿ ನಿಲ್ದಾಣ

ಅಳಿವೆಪೇಟೆ,
ನವೆಂಬರ್ 19, 2194

ನೂರೆಪ್ಪತ್ತು ವರ್ಷಗಳ ಹಿಂದೆ ಹೈಸ್ಕೂಲಿನಲ್ಲಿ ಪೌರನೀತಿ ಕಲಿಸುತ್ತಿರುವ ಮಾಸ್ತರರಿಗೆ ಅಥವಾ ಅಕ್ಕೋರಿಗೆ, ಅದೇ ಪಾಠ ಮಾಡುವ ರೇವತಿ ಹರಿಕಾಂತ್ರಳ ನಮಸ್ಕಾರಗಳು.

ನನ್ನ ಕೆಲವು ಪದಗಳು ವಿಚಿತ್ರವೆನಿಸಿದರೆ ಮನ್ನಿಸಿ. ನೀವಿನ್ನೂ ಕಾಣದ ವಸ್ತುಗಳಿಗೆ ನಾವಿಟ್ಟ ಹೆಸರುಗಳು ಅವು. ಸಂತೋಷದಲ್ಲಿ ಅವಸರವಾಗಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾದರೆ ಅದನ್ನೂ ಮನ್ನಿಸಿ.

ನಮ್ಮೂರಿನ ತಗ್ಗು ಬೀದಿಗಳೆಲ್ಲ ಈಗ ನೀರು. ಮಕ್ಕಳು ಶಾಲೆಗೆ ಬರುವುದು ದೋಣಿಬಸ್ಸಿನಲ್ಲಿ; ಅದು ಬಿಸಿಲಿನಿಂದ ಓಡುವ, ಸದ್ದೇ ಮಾಡದ, ನಲವತ್ತು ಜನ ಕೂರುವ ದೋಣಿ. ಕಳೆದ ತಿಂಗಳು ಉಪ್ಪಿನಕೇರಿಯ ನಿಲ್ದಾಣವನ್ನು ತೆಗೆದುಹಾಕಿದರು. ಅಲ್ಲಿಯ ಮಕ್ಕಳು ತೂಗುಸೇತುವೆ ದಾಟಿ, ಒಂದು ಗಂಟೆ ನಡೆದು, ಎರಡನೆಯ ಪಿರಿಯಡ್ಡಿಗೆ ಬರತೊಡಗಿದರು. ಇಬ್ಬರು ಹುಡುಗಿಯರು ಶಾಲೆಯನ್ನೇ ಬಿಟ್ಟರು.

ಶುಕ್ರವಾರ ಒಂಬತ್ತನೆಯ ತರಗತಿಗೆ ಸ್ಥಳೀಯ ಸರ್ಕಾರದ ಪಾಠ ಮಾಡುತ್ತಿದ್ದೆ. ಉಪ್ಪಿನಕೇರಿಯ ಶೇವಂತಿ ಅಂಬಿಗ ತಡವಾಗಿ ಬಂದವಳು, ಬೆವರು ಒರೆಸಿಕೊಳ್ಳುತ್ತಲೇ ಕೇಳಿದಳು:

“ಅಕ್ಕೋರೇ, ಇದು ಬರೀ ಪರೀಕ್ಷೆಗಾ, ಇಲ್ಲ ನಿಜವಾಗ್ಲೂ ಹೀಗೇ ನಡೀತದಾ?”

“ಇವತ್ತು ಸಂಜೆ ಕೇಳುಸಭೆ ಇದೆ. ಹೋಗಿ ನೋಡುವ,” ಎಂದೆ.

ಕೇಳುಸಭೆಯೆಂದರೆ ಪಟ್ಟಣಸಭೆ ತಿಂಗಳಿಗೊಮ್ಮೆ ಬಾಗಿಲು ತೆರೆದು ಕೂರುವ ಸಂಜೆ. ಹದಿನಾಲ್ಕು ತುಂಬಿದ ಯಾರು ಕೇಳಿದರೂ ಅಧ್ಯಕ್ಷರು ಉತ್ತರ ಕೊಡಲೇಬೇಕು. ಕೇಳುವವರೇ ಇಲ್ಲದೆ ಅವರು ವರ್ಷಗಟ್ಟಲೆ ಚಹಾ ಕುಡಿದು ಎದ್ದುಹೋಗುತ್ತಿದ್ದರು. ಆ ಸಂಜೆ ನನ್ನ ಮೂವತ್ತು ಮಕ್ಕಳು ಕುರ್ಚಿ ಸಾಲದೆ ನೆಲದ ಮೇಲೇ ಕೂತರು.

“ನಮ್ಮ ನಿಲ್ದಾಣ ತೆಗೀಲಿಕ್ಕೆ ಯಾವ ಸಭೆಯಲ್ಲಿ ಠರಾವಾಯ್ತು ಸರ್?” ಎಂದಳು ಶೇವಂತಿ.

ಅಧ್ಯಕ್ಷ ಗಣಪಯ್ಯನವರು ನಕ್ಕರು. “ಅದೆಲ್ಲ ದೊಡ್ಡವರ ವಿಷಯ ತಂಗಿ.”

“ನನಗೆ ಹದಿನಾಲ್ಕು ತುಂಬಿದೆ ಸರ್. ತಾರೀಖು ಹೇಳಿ, ಸಾಕು.”

ಕಾರ್ಯದರ್ಶಿ ನಡಾವಳಿ ಪುಸ್ತಕ ತಿರುವಿದರು. ಮತ್ತೆ ಮೊದಲಿನಿಂದ ತಿರುವಿದರು. ಠರಾವು ಇರಲೇ ಇಲ್ಲ. ಯಾರೋ ಬಾಯಿಮಾತಿನಲ್ಲಿ ಹೇಳಿದ್ದರು, ಇನ್ಯಾರೋ ನಿಲ್ದಾಣದ ಕಂಬ ಕಿತ್ತಿದ್ದರು. ಗಣಪಯ್ಯನವರು ಪುಸ್ತಕ ಎಳೆದುಕೊಂಡು ತಾವೇ ನೋಡಿದರು. ಆಮೇಲೆ, “ತಪ್ಪಾಗಿದೆ. ಬುಧವಾರದಿಂದ ದೋಣಿ ನಿಲ್ತದೆ. ಬರ್ಕೊಳ್ಳಿ,” ಎಂದು ಎಲ್ಲರೆದುರೇ ಸಹಿ ಹಾಕಿದರು.

ಇವತ್ತು ಬುಧವಾರ. ನಂಬಿಕೆ ಸಾಲದೆ ಬೆಳಿಗ್ಗೆ ನಾನೇ ಉಪ್ಪಿನಕೇರಿಗೆ ಹೋಗಿ ನಿಂತೆ. ದೋಣಿ ಬಂತು, ನಿಂತಿತು. ಶಾಲೆ ಬಿಟ್ಟಿದ್ದ ಇಬ್ಬರೂ ಚೀಲ ಹೆಗಲಿಗೇರಿಸಿ ಎಲ್ಲರಿಗಿಂತ ಮೊದಲು ಹತ್ತಿದರು. ಹಾಜರಿ ಪುಸ್ತಕದಲ್ಲಿ ಇವತ್ತು ಗೈರು ಒಂದೂ ಇಲ್ಲ. ಮಕ್ಕಳಿಗೆ ಅದರ ಪರಿವೆಯೇ ಇಲ್ಲ. ಮುಂದಿನ ಪಾಠ ನ್ಯಾಯಾಲಯದ್ದೆಂದು ನೋಡಿಕೊಂಡು, ಅಲ್ಲಿಗೆ ಯಾವತ್ತು ಹೋಗುವುದೆಂದು ಕೇಳುತ್ತಿದ್ದರು.

ನಿಮ್ಮಲ್ಲಿ ಒಂದೇ ಬೇಡಿಕೆ. ಪರೀಕ್ಷೆ ಹತ್ತಿರ ಬಂದಾಗ ಗಣಿತದವರು ಬಂದು ನಿಮ್ಮ ಪೌರನೀತಿ ಪಿರಿಯಡ್ಡನ್ನು ಕೇಳುತ್ತಾರೆ. ದಯವಿಟ್ಟು ಕೊಡಬೇಡಿ.

ನಿಮ್ಮ,
ರೇವತಿ