ಒಂದೇ ಹಗ್ಗ

ನಿರ್ದೇಶಕರಿಗೆ ನಮಸ್ಕಾರ.

ನಿಮ್ಮ ಹಳೆಯ ಮಾಟಗಾತಿ ಚಿತ್ರವನ್ನು ಶುಚಿಮಾಡಿ ಮುಗಿಸಿದ್ದೇನೆ. ಡಿಸ್ಕುಗಳು ಇಂದು ಅಂಗಡಿ ಸೇರಿದವು. ಗೀರು, ಕಲೆ ಒಂದೂ ಉಳಿದಿಲ್ಲ. ಕಾಡಿನ ಕತ್ತಲಲ್ಲೂ ಕೂದಲೆಳೆ ಬಿಡಿಬಿಡಿಯಾಗಿ ಕಾಣುತ್ತದೆ.

“ಮಾಟಗಾತಿ ಹಾರೋವಾಗ ಹಗ್ಗ ಕಾಣ್ಬಾರ್ದು, ಅಳಿಸಿಬಿಡಮ್ಮ” ಅಂದಿದ್ದಿರಿ. ಅದನ್ನು ಮಾತ್ರ ಅಳಿಸಿಲ್ಲ. “ಎರಡು ಹಗ್ಗ ಕಟ್ಟಿಸಿದ್ದೆ, ಹಾರಿದವಳು ತನ್ನ ತಪ್ಪಿಂದಲೇ ಬಿದ್ದಳು” ಎಂದು ಊರೆಲ್ಲ ಹೇಳಿಕೊಂಡು ಬಂದಿರಲ್ಲ? ಇರುವುದು ಒಂದೇ.

ಅಂದು ನಾಯಕಿಯ ಬದಲು ಹಾರಿದವಳು ನನ್ನಮ್ಮ. ನಾನು ಯಾರ ಮಗಳೆಂದು ನೀವು ಕೇಳಲೇ ಇಲ್ಲ. ಅಮ್ಮನಿಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲ, ನೆನಪು ಮಾತ್ರ ಗಟ್ಟಿ. ನಿನ್ನೆ ಆ ದೃಶ್ಯ ತೋರಿಸಿದೆ. “ಇನ್ನೊಂದ್ಸಲ ಹಾಕೇ” ಅಂದಳು.

ನಿಮ್ಮ ಪ್ರತಿ ಮನೆಗೇ ಬರುತ್ತದೆ. ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಹಗ್ಗ ಎಷ್ಟಿದೆ ಅಂತ ಅವರೇ ಎಣಿಸಲಿ.

ಇಂತಿ,
ಬಿದ್ದವಳ ಮಗಳು