ಹುರುಳಿಯ ಮೇಲೆ ಹೊರಿಸಿದ ಬೆಂಕಿ

ಪಿರಿಯಾಪಟ್ಟಣ
ಶುಕ್ರವಾರ

ಉಮಾಶಂಕರಣ್ಣನಿಗೆ,

ನಿಂಗಯ್ಯನವರ ಕಾರಿನ ಆಕ್ಸಿಜನ್ ಸೆನ್ಸರ್ ಸತ್ತಿದೆ ಎಂದು ಗೊತ್ತಿದ್ದೂ ನಾವು ಅವರಿಗೆ ಹೇಳಲಿಲ್ಲ. ಎಚ್ಚರಿಕೆಯ ದೀಪವನ್ನು ಮುಚ್ಚಿ, ರಿಪೇರಿ ಆಯಿತೆಂದು ಕೀ ಕೈಗಿಟ್ಟೆವು. ನಾಲ್ಕನೆಯ ದಿನ ಆ ಕಾರಿಗೆ ಬೆಂಕಿ ಹತ್ತಿತು. ನಿಂಗಯ್ಯನವರು ಸತ್ತರು, ರಸ್ತೆಗೆ ಹುರುಳಿ ಹಾಸಿದ್ದ ಅಂತರಸಂತೆಯ ಸೋಮಮ್ಮ ಆರೋಪಿಯಾದರು. ಹೇಳಿದ್ದು ನೀವು, ಮಾಡಿದ್ದು ನಾನು. ಇಷ್ಟನ್ನು ಬರೆಯಲು ನನಗೆ ಎಂಟು ತಿಂಗಳು ಬೇಕಾಯಿತು.

ಡಿಪ್ಲೊಮಾ ಹಿಡಿದು ಅಲೆಯುತ್ತಿದ್ದ ಹೆಣ್ಣುಮಗಳ ಕೈಗೆ ಹುಣಸೂರಿನಲ್ಲಿ ಸ್ಪ್ಯಾನರ್ ಕೊಟ್ಟವರು ನೀವೊಬ್ಬರೇ. ಅದನ್ನು ಮರೆತು ಬರೆಯುತ್ತಿಲ್ಲ. ನನ್ನ ಬ್ಯಾಗಿನಲ್ಲಿ ಕಾರ್ಮಿಕರ, ರೈತರ ಕರಪತ್ರಗಳನ್ನು ಕಂಡು, "ಏನವ್ವ ಪಾಂಪ್ಲೆಟ್ಟು, ಇವತ್ತು ಯಾರ್ ಮ್ಯಾಲೆ ಹೋರಾಟ?" ಎಂದು ಕಾಲೆಳೆಯುತ್ತಿದ್ದಿರಿ. ಊರಿನ ಅನ್ಯಾಯಗಳೆಲ್ಲ ನನಗೆ ಬಾಯಿಪಾಠವಾಗಿದ್ದವು. ಆದರೆ ನನ್ನದೇ ಕೈ ಅನ್ಯಾಯ ಮಾಡಿದ ದಿನ ನಾನು ತುಟಿ ಬಿಚ್ಚಲಿಲ್ಲ.

ಹನಗೋಡಿನಿಂದ ಆ ಹದಿಮೂರು ವರ್ಷದ ಕಾರನ್ನು ತಂದು ನಿಲ್ಲಿಸಿದ ನಿಂಗಯ್ಯನವರು ನಗುತ್ತಲೇ ದೂರು ಹೇಳಿದ್ದರು. "ಲೀಟ್ರಿಗೆ ಹದಿನಾರು ಓಡ್ತಿತ್ತು ಕಣವ್ವ, ಈಗ ಹತ್ತು. ಮುದಿ ವಯಸ್ಸಲ್ಲಿ ಕುಡಿಯಾಕೆ ಕಲ್ತದೆ."

ನಾನು ಸ್ಕ್ಯಾನರ್ ಹಾಕಿದೆ. ಹೊಗೆಯನ್ನು ಮೂಸಿ, ಪೆಟ್ರೋಲ್ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಇಂಜಿನ್ನಿಗೆ ಹೇಳುವುದು ಆ ಸೆನ್ಸರಿನ ಕೆಲಸ. ಅದು ಬದುಕಿದ್ದರೆ ಪರದೆಯ ಮೇಲಿನ ಗೆರೆ ಒಂದೇ ಸಮನೆ ಏರಿಳಿಯುತ್ತದೆ. ಆ ಗೆರೆ ತಳದಲ್ಲೇ ಮಲಗಿತ್ತು. ವೈರು ಸರಿ ಇತ್ತು, ಹೊಗೆ ಕೊಳವೆಯಲ್ಲಿ ಎಲ್ಲೂ ಸೋರಿಕೆ ಇರಲಿಲ್ಲ. ಇಂಜಿನ್ ಗಾಳಿ ಎಳೆಯುವ ಬಾಯಿಗೆ ಕ್ಲೀನರ್ ಸ್ಪ್ರೇ ಹೊಡೆದೆ. ಗೆರೆ ಚಿಮ್ಮಬೇಕಿತ್ತು, ಅಲ್ಲಾಡಲಿಲ್ಲ. ಪ್ಲಗ್ಗುಗಳು ಕಪ್ಪು ಮಸಿ ಹಿಡಿದಿದ್ದವು. ಪೆಟ್ರೋಲ್ ಸಾಲದು, ಸಾಲದು ಎಂದು ಸತ್ತ ಸೆನ್ಸರ್ ಸುಳ್ಳು ಹೇಳುತ್ತಿತ್ತು, ಇಂಜಿನ್ ನಂಬಿ ಸುರಿಯುತ್ತಿತ್ತು. ಹೆಚ್ಚಾದದ್ದು ಕಾರಿನ ಹೊಟ್ಟೆಯಡಿ ಹೊಗೆ ಶುದ್ಧಿ ಮಾಡುವ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು, ಅದನ್ನು ಕೆಂಡದಂತೆ ಕಾಯಿಸುತ್ತಿತ್ತು. ಇದೆಲ್ಲವನ್ನೂ ನಿಮಗೆ ಹೇಳಿದೆ.

ಹೊಸ ಸೆನ್ಸರ್ ಮೈಸೂರಿನಿಂದ ಬರಲು ಎರಡು ದಿನ ಬೇಕಿತ್ತು. ಸಂಕ್ರಾಂತಿಗೆ ನಿಂಗಯ್ಯನವರು ಅಂತರಸಂತೆಯ ತಂಗಿಯ ಮನೆಗೆ ಹೊರಟಿದ್ದರು. "ಬುಡವ್ವ, ದೀಪ ಆರುದ್ರೆ ಗಿರಾಕಿಗೆ ನೆಮ್ದಿ. ಹಬ್ಬ ಕಳೀಲಿ, ಹಾಕನ," ಎಂದಿರಿ. ನಾನು ಮೀಟರ್ ಬಿಚ್ಚಿ, ಇಂಜಿನ್ ಗುರುತಿನ ದೀಪದ ಮೇಲೆ ಒಳಗಿನಿಂದ ಕಪ್ಪು ಟೇಪು ಅಂಟಿಸಿದೆ. ನಿಂಗಯ್ಯನವರು ಬಂದು ನೋಡಿ, ದೀಪವಿಲ್ಲದ್ದಕ್ಕೆ ನನ್ನ ತಲೆ ಸವರಿ ಹೋದರು. ಆ ಕೈಯ ಭಾರ ಇನ್ನೂ ನನ್ನ ತಲೆಯ ಮೇಲಿದೆ ಅಣ್ಣ. ತಲೆಗೆ ನೀರು ಹಾಕಿಕೊಳ್ಳುವಾಗಲೂ ಇರುತ್ತದೆ.

ಹುರುಳಿ ಕಿತ್ತ ಕಾಲದಲ್ಲಿ ನಮ್ಮ ಕಡೆ ಟಾರು ರಸ್ತೆಯೇ ಕಣ. ಗಿಡ ಹಾಸಿಬಿಟ್ಟರೆ ಹೋಗಿ ಬರುವ ಗಾಡಿಗಳೇ ತುಳಿದು ಕಾಳು ಬಿಡಿಸಿಕೊಡುತ್ತವೆ. ಅದು ಅಪಾಯ ಎಂದು ಎಲ್ಲರಿಗೂ ಗೊತ್ತು, ಆದರೂ ಎಲ್ಲರೂ ಹಾಸುತ್ತಾರೆ. ಸೋಮಮ್ಮನೂ ಹಾಸಿದ್ದರು. ಆ ಬೆಳಿಗ್ಗೆ ಅದರ ಮೇಲೆ ಬಸ್ಸು ಹೋಯಿತು, ಹಾಲಿನ ಗಾಡಿ ಹೋಯಿತು, ಎರಡು ಜೀಪು ಹೋದವು. ಆಮೇಲೆ ನಿಂಗಯ್ಯನವರ ಕಾರು ಬಂತು. ಒಣಗಿದ ಬಳ್ಳಿ ಕಾರಿನ ಹೊಟ್ಟೆಗೆ ಸುತ್ತಿಕೊಂಡಿತು. ಸುಟ್ಟ ವಾಸನೆಗೆ ಅವರು ಇಳಿದು, ಬಗ್ಗಿ, ಕೈಯಿಂದಲೇ ಎಳೆಯಲು ಹೋದರು. ಭಗ್ಗೆಂದು ಹತ್ತಿದ ಉರಿ ಪಂಚೆಗೆ ಹಿಡಿಯಿತು. ಸೋಮಮ್ಮ ಕುಡಿಯಲು ತಂದಿದ್ದ ಬಿಂದಿಗೆಯ ನೀರನ್ನು ಸುರಿದರು. ಒಂದು ಬಿಂದಿಗೆ ಎಷ್ಟಕ್ಕಾದೀತು? ಒಂಬತ್ತನೆಯ ದಿನ ಮೈಸೂರಿನ ಆಸ್ಪತ್ರೆಯಲ್ಲಿ ನಿಂಗಯ್ಯನವರು ತೀರಿಕೊಂಡರು. ಪೊಲೀಸರು ಸೋಮಮ್ಮನ ಮೇಲೆ ಕೇಸು ಹಾಕಿದರು.

ಸರಿ ಇರುವ ಕಾರಿಗೂ ಹುರುಳಿ ಬಳ್ಳಿ ಹತ್ತಿಕೊಳ್ಳುತ್ತದೆ ಎಂದು ನೀವು ಹೇಳಬಹುದು. ನಿಜ. ಸೆನ್ಸರ್ ಹಾಕಿದ್ದರೆ ಬೆಂಕಿಯೇ ಬರುತ್ತಿರಲಿಲ್ಲ ಎಂದು ನಾನು ಆಣೆ ಮಾಡಲಾರೆ. ಆದರೆ ಕೆಂಡದಂಥ ಕನ್ವರ್ಟರ್ ಹೊತ್ತ ಕಾರನ್ನು ಹುರುಳಿ ಹಾಸುವ ಕಾಲದಲ್ಲಿ ರಸ್ತೆಗೆ ಬಿಟ್ಟವರು ನಾವು. ಅಷ್ಟನ್ನು ಆಣೆ ಮಾಡಿ ಹೇಳಬಲ್ಲೆ.

ಮಣ್ಣು ಮುಗಿಸಿ ಬಂದ ದಿನ ನೀವು ಗ್ಯಾರೇಜಿನ ಬಾಗಿಲು ಅರ್ಧ ಎಳೆದು ಹೇಳಿದ್ದು ಕಿವಿಯಲ್ಲೇ ಇದೆ. "ಒಂದ್ ಮಾತೂ ಆಚಿಗೆ ಬುಡಬ್ಯಾಡ. ಆ ಯಮ್ಮಂಗೆ ಎಚ್ಚಂದ್ರೆ ದಂಡ ಆಯ್ತದೆ. ನಮ್ಗೆ ಬಾಳೇ ಓಯ್ತದೆ ಕಣವ್ವ." ನಿಮ್ಮ ಕೈ ನಡುಗುತ್ತಿತ್ತು. ನಾನು ಮರುವಾರ ಕೆಲಸ ಬಿಟ್ಟೆ. ಬಾಯಿ ಮಾತ್ರ ಬಿಡಲಿಲ್ಲ. ಬಿಟ್ಟು ಹೋಗುವುದೇ ಪ್ರತಿಭಟನೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಬರೀ ಓಟ.

ಹೋದ ತಿಂಗಳು, ನಾನೀಗ ಕೆಲಸ ಮಾಡುವ ಇಲ್ಲಿನ ಗ್ಯಾರೇಜಿಗೆ ಲಿಂಗರಾಜು ಎಂಬವರು ಅದೇ ಬಗೆಯ ಕಾರು ತಂದರು. ಅದೇ ರೋಗ. ತುಕ್ಕು ಹಿಡಿದು ಕಚ್ಚಿಕೊಂಡಿದ್ದ ಸೆನ್ಸರಿಗೆ ಎಣ್ಣೆ ಬಿಟ್ಟು, ಬಿಸಿ ಮಾಡಿ, ಇಪ್ಪತ್ತೆರಡರ ಸ್ಪ್ಯಾನರ್ ಹಾಕಿ ತಿರುಗಿಸಿದೆ. ಕೀರಲು ಸದ್ದು ಮಾಡಿ ಬಂತು. ಹೊಸದನ್ನು ಕೂರಿಸಿ, ಪ್ಲಗ್ಗು ಒರೆಸಿ, ಕಾರು ಚಾಲೂ ಮಾಡಿದೆ. ಪರದೆಯ ಗೆರೆ ಏರಿತು, ಇಳಿಯಿತು, ಮತ್ತೆ ಏರಿತು. ಎಲ್ಲ ಸೇರಿ ನಲವತ್ತು ನಿಮಿಷ. ಆ ಹೊತ್ತಿಗೆ ಎಲ್ಲೂ ಏನೂ ಉರಿಯುತ್ತಿರಲಿಲ್ಲ, ಆದರೂ ಸುಟ್ಟ ಹುರುಳಿಯ ವಾಸನೆ ಮೂಗಿಗೆ ಬಡಿದು ನಾನು ಕೆಮ್ಮತೊಡಗಿದೆ. ಲಿಂಗರಾಜು ಗಾಬರಿಯಾಗಿ ನೀರು ತಂದುಕೊಟ್ಟರು.

ಕಳೆದ ಭಾನುವಾರ ಅಂತರಸಂತೆಗೆ ಹೋಗಿದ್ದೆ. ಸೋಮಮ್ಮ ರಸ್ತೆ ಗುಡಿಸುತ್ತಿದ್ದರು. ಕಾರು ಉರಿದ ಜಾಗವನ್ನು ಅವರು ದಿನಾ ಬೆಳಿಗ್ಗೆ ಗುಡಿಸುತ್ತಾರಂತೆ, ಒಂದು ಕಡ್ಡಿಯೂ ಇರಬಾರದಂತೆ. ನಾನು ಯಾರೆಂದು ಹೇಳುವ ಮೊದಲೇ ಪೊರಕೆ ಊರಿ ನಿಂತು, "ಮನ್ಸನ್ನ ಸುಟ್ಟಾಕಿದ್ದು ನಾನ್ ರೋಡ್ಗೆ ಆಸಿದ್ದ ಉಳ್ಳಿ ಕಣವ್ವ. ವಕೀಲಮ್ಮ ಏನಾರ ಅನ್ಲಿ, ಗುರುವಾರ ತಪ್ಪು ಒಪ್ಕಬುಡ್ತೀನಿ," ಎಂದರು. ಅವರ ಎರಡೂ ಅಂಗೈ ಸುಟ್ಟು ಮಡಚಿಕೊಂಡಿವೆ. ಅವರು ಬರೀ ನೀರು ಸುರಿದು ನಿಂತಿರಲಿಲ್ಲ, ನಿಂಗಯ್ಯನವರನ್ನು ಬೆಂಕಿಯಿಂದ ಎಳೆದೂ ಇದ್ದರು. ಇದನ್ನು ಊರಲ್ಲಿ ಯಾರೂ ಹೇಳುವುದಿಲ್ಲ.

ನಾನು ಅವರಿಗೆ ಎಲ್ಲವನ್ನೂ ಹೇಳಿದೆ. ಪೊರಕೆಯನ್ನು ಕೆಳಗಿಟ್ಟು, "ಅಂಗಾರೆ ನಾನೊಬ್ಳೇ ಅಲ್ಲ ಅಂತೀಯಾ?" ಎಂದು ಕೇಳಿದರು. ನಾನು ಅವರ ಕಾಲ ಬಳಿ ಕೂತುಬಿಟ್ಟೆ.

ನಿಂಗಯ್ಯನವರ ಕಾರು ನೋಡಿದ ದಿನದ ಸ್ಕ್ಯಾನರ್ ಪರದೆಯ ಫೋಟೊ ತಾರೀಖಿನ ಸಮೇತ ನನ್ನ ಮೊಬೈಲಿನಲ್ಲಿದೆ. ಅದನ್ನೂ ನನ್ನ ಹೇಳಿಕೆಯನ್ನೂ ಅವರ ವಕೀಲರಾದ ಸುಕನ್ಯ ಅವರಿಗೆ ಕೊಟ್ಟಿದ್ದೇನೆ. ಅದರಲ್ಲಿ ಮೊದಲ ಹೆಸರು ನನ್ನದು, ಎರಡನೆಯದು ನಿಮ್ಮದು. ನಿಮ್ಮ ಬೆನ್ನ ಹಿಂದೆ ನಡೆಯಿತು ಅನ್ನಿಸಬಾರದೆಂದು ಬರೆದಿದ್ದೇನೆ. ನೀವು ಗುರುವಾರ ಕೋರ್ಟಿಗೆ ಬಾರದಿದ್ದರೂ ನಾನು ಹೇಳುತ್ತೇನೆ. ಬಂದರೆ, ಆ ಮುದುಕಿ ನಿಮ್ಮ ಬಾಯಿಂದಲೂ ಕೇಳುತ್ತಾರೆ.

ನನಗೆ ಕೆಲಸ ಕಲಿಸಿದ ಕೈ ನಿಮ್ಮದು. ಅದಕ್ಕೆ ನಡುಕ ಬಿಟ್ಟುಹೋಗಲಿ.

ಗುರುವಾರ, ಬೆಳಿಗ್ಗೆ ಒಂಬತ್ತೂವರೆ, ಕೋಟೆ ತಾಲ್ಲೂಕು ಕೋರ್ಟಿನ ಗೇಟಿನ ಮುಂದೆ ನಿಂತಿರುತ್ತೇನೆ.

ನಿಮ್ಮ ಗ್ಯಾರೇಜಿನ
ಪವಿತ್ರ